ಎಲ್ಲರ ಹೆಸರಿನಲ್ಲಿರುವ ಚರ್ಚು: ಇಂಗ್ಲೆಂಡಿನ ಅಧಿಕೃತ ಧರ್ಮಸಂಸ್ಥೆಯ ಪರವಾಗಿ ಒಂದು ವಾದ

ಹುಬ್ಬಳ್ಳಿಯಿಂದಲೋ ತುಮಕೂರಿನಿಂದಲೋ ಹೋಗಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದಿರುವ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ಗೆ, ಅವನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ ಆಗಿದ್ದರೂ, ಅಲ್ಲಿನ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಹಕ್ಕಿದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಬಂದ ಹಕ್ಕು ಅದು, ಬಹಳ ಮಂದಿಗೆ ಗೊತ್ತಿರುವಂಥದ್ದೇ. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಆ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಅವನ ಬೀದಿ ಯಾವ ಪ್ಯಾರಿಷ್‌ಗೆ (ಒಂದು ಚರ್ಚಿನ ಹೊಣೆಗೆ ಒಳಪಟ್ಟ ಪ್ರದೇಶಕ್ಕೆ) ಸೇರುತ್ತದೋ ಅಲ್ಲಿನ ಚರ್ಚ್ ವಾರ್ಡನ್‌ಗಳನ್ನು ಆರಿಸಲು ಪ್ರತಿ ವರ್ಷ ಮೇ ತಿಂಗಳ ಕೊನೆಯೊಳಗೆ ನಡೆಯಬೇಕಾದ ಸಭೆಗೆ ಹೋಗಿ ಅವನೂ ಕೈ ಎತ್ತಬಹುದು. ಅವನು ಹಿಂದೂವೋ, ಮುಸಲ್ಮಾನನೋ, ದೇವರನ್ನೇ ನಂಬದವನೋ ಎಂದು ಯಾರೂ ಕೇಳುವಂತಿಲ್ಲ. ವಾರ್ಡನ್ ಆಗಲು ದೀಕ್ಷಾಸ್ನಾನ ಬೇಕು. ವಾರ್ಡನ್‌ರನ್ನು ಆರಿಸಲು ಆ ಊರಿನ ನಿವಾಸಿಯಾಗಿದ್ದರೆ ಆಯಿತು. ಚರ್ಚಿನೊಳಗಿನ ಬೆಳ್ಳಿಯ ಬಟ್ಟಲಿನಿಂದ ಹಿಡಿದು ಕುರ್ಚಿ ಮೇಜುಗಳವರೆಗೆ ಎಲ್ಲ ಚರಾಸ್ತಿಯೂ ಕಾನೂನಿನ ಪ್ರಕಾರ ಈ ವಾರ್ಡನ್‌ಗಳ ಹೆಸರಿನಲ್ಲಿರುತ್ತದೆ ಎಂಬುದನ್ನು ನೆನೆದರೆ ಇದು ಬರೀ ಶಾಸ್ತ್ರಕ್ಕೆ ಉಳಿದ ಹಕ್ಕಲ್ಲ ಎಂದು ತಿಳಿಯುತ್ತದೆ.

ಈ ಹಕ್ಕನ್ನು ಬಳಸುವವರು ಬೆರಳೆಣಿಕೆಯಷ್ಟು ಜನ. ಆದರೂ ಚರ್ಚ್ ಆಫ್ ಇಂಗ್ಲೆಂಡ್ ದೇಶದ ಅಧಿಕೃತ ಚರ್ಚಾಗಿ ಉಳಿಯಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಅದರ ಸದಸ್ಯನಲ್ಲದವನಿಗೂ ಅದರ ಮೇಲೆ ಒಂದು ಹಕ್ಕಿದೆ. ಅಧಿಕೃತ ಸ್ಥಾನವೆಂದರೆ ಚರ್ಚಿಗೆ ಸಿಕ್ಕ ಸವಲತ್ತು ಎಂದು ಟೀಕಾಕಾರರು ಹೇಳುತ್ತಾರೆ. ಅದರ ಬಹುಪಾಲು ಚರ್ಚಿನ ಮೇಲೆ ಹೊರಿಸಿದ ಹೊಣೆ ಎಂಬುದು ನನ್ನ ವಾದ.

ಟೀಕೆ ಮಾತ್ರ ಹಗುರವಾದುದಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಕ್ರೈಸ್ತರೆಂದು ಬರೆಸಿಕೊಂಡವರು ಶೇ 46.2, ಅದಕ್ಕೂ ಹತ್ತು ವರ್ಷ ಮೊದಲು ಈ ಪ್ರಮಾಣ ಶೇ 59.3 ಇತ್ತು. ಯಾವ ಧರ್ಮವೂ ಇಲ್ಲ ಎಂದವರು ಶೇ 37.2. ಚರ್ಚ್ ಆಫ್ ಇಂಗ್ಲೆಂಡಿನ ಆರಾಧನೆಗೆ ವಾರವಾರ ಬರುವವರು 2024ರಲ್ಲಿ ಸುಮಾರು 7 ಲಕ್ಷ, ಅಂದರೆ ಇಂಗ್ಲೆಂಡಿನ ನೂರು ಜನರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಇಷ್ಟು ಜನರ ಸಂಸ್ಥೆಯ 26 ಬಿಷಪ್ಪರು ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಹುದ್ದೆಯ ಬಲದಿಂದಲೇ ಕುಳಿತು ಇಡೀ ದೇಶದ ಕಾನೂನಿಗೆ ಮತ ಹಾಕುತ್ತಾರೆ. ರಾಜನಾದವನು ಈ ಚರ್ಚಿನವನೇ ಆಗಿರಬೇಕು. ಅವನ ಸ್ವಂತ ಧರ್ಮದ ಸ್ವಾತಂತ್ರ್ಯ 1701ರ ಉತ್ತರಾಧಿಕಾರ ಕಾಯಿದೆಯಲ್ಲಿಯೇ ಮುಗಿದುಹೋಗಿದೆ. ಬೇರೆ ಧರ್ಮದವರೂ ಧರ್ಮವಿಲ್ಲದವರೂ ಒಟ್ಟಾಗಿ ಬಾಳುವ ದೇಶದಲ್ಲಿ ರಾಜ್ಯವು ಒಂದು ಪಂಥದ ಕೈ ಹಿಡಿದು ನಿಲ್ಲುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ನಮ್ಮ ಸಂವಿಧಾನದ ಜಾತ್ಯತೀತತೆಯನ್ನು ಓದಿ ಬೆಳೆದ ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಉತ್ತರಿಸುವ ಮೊದಲು ಅಧಿಕೃತ ಚರ್ಚು ಎಂದರೆ ಏನು, ಏನಲ್ಲ ಎಂಬುದನ್ನು ಬಿಡಿಸಿ ನೋಡಬೇಕು. 1534ರಲ್ಲಿ ಎಂಟನೆಯ ಹೆನ್ರಿ ರೋಮಿನ ಪೋಪರಿಂದ ಬೇರೆಯಾಗಿ ತನ್ನನ್ನು ಚರ್ಚಿನ ಪರಮ ಶಿರಸ್ಸು ಎಂದು ಕರೆದುಕೊಂಡ. ಮಗಳು ಮೇರಿ ಅದನ್ನು ರದ್ದು ಮಾಡಿದಳು. ಇನ್ನೊಬ್ಬ ಮಗಳು ಎಲಿಜಬೆತ್ 1559ರಲ್ಲಿ ಮತ್ತೆ ಜಾರಿಗೆ ತಂದು, ಬಿರುದನ್ನು ಮಾತ್ರ ಪರಮ ಆಡಳಿತಗಾರ್ತಿ ಎಂದು ಸ್ವಲ್ಪ ಮೆದುಗೊಳಿಸಿದಳು. ಅಂದಿನಿಂದ ಬಂದ ಎಳೆಗಳು ಮೂರು. ಬಿಷಪ್ಪರ ನೇಮಕ ರಾಜನ ಹೆಸರಿನಲ್ಲಿ ಆಗುತ್ತದೆ. ಚರ್ಚಿನ ಶಾಸನಸಭೆಯಾದ ಜನರಲ್ ಸಿನೊಡ್ ಮಾಡಿದ ಕಾನೂನು ಸಂಸತ್ತಿನ ಒಪ್ಪಿಗೆ ಪಡೆದು ದೇಶದ ಕಾನೂನೇ ಆಗುತ್ತದೆ. ಮೂರನೆಯದು, ಇಂಗ್ಲೆಂಡಿನ ಪ್ರತಿ ಅಂಗುಲ ನೆಲವೂ ಯಾವುದಾದರೊಂದು ಪ್ಯಾರಿಷ್‌ಗೆ ಸೇರಿರುತ್ತದೆ. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊಗಳುವವರೂ ತೆಗಳುವವರೂ ಇರುವುದರಿಂದಲೇ ವಾದ ಕಗ್ಗಂಟಾಗಿದೆ.

ನಮ್ಮವರು ಸಾಮಾನ್ಯವಾಗಿ ತಪ್ಪು ತಿಳಿಯುವುದು ಹಣದ ವಿಷಯದಲ್ಲಿ. ಅಧಿಕೃತ ಚರ್ಚು ಎಂದ ಕೂಡಲೇ ಸಭಾಪಾಲಕರ, ಅಂದರೆ ಪಾದ್ರಿಗಳ, ಸಂಬಳವನ್ನು ಸರ್ಕಾರ ಕೊಡುತ್ತದೆಂದು ಊಹಿಸುತ್ತೇವೆ. ಮುಜರಾಯಿ ಇಲಾಖೆಯನ್ನು ನೋಡಿ ಬೆಳೆದ ಕಣ್ಣಿಗೆ ಹಾಗನ್ನಿಸುವುದು ಸಹಜ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಪ್ಯಾರಿಷ್ ಸಭಾಪಾಲಕರ ಸಂಬಳ ಬರುವುದು ಭಕ್ತರ ಕಾಣಿಕೆಯಿಂದ ಮತ್ತು ಚರ್ಚಿನ ಹಳೆಯ ದತ್ತಿಗಳ ಗಳಿಕೆಯಿಂದ. ಆ ದತ್ತಿಯ ಒಂದು ಭಾಗದ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. 1704ರಲ್ಲಿ ಬಡ ಸಭಾಪಾಲಕರ ನೆರವಿಗೆಂದು ಹುಟ್ಟಿದ ಕ್ವೀನ್ ಆನ್ಸ್ ಬೌಂಟಿ ಎಂಬ ನಿಧಿ ಗುಲಾಮರ ವ್ಯಾಪಾರಕ್ಕೆ ಸಂಬಂಧಿಸಿದ ಕಂಪನಿಯಲ್ಲಿ ಹಣ ಹೂಡಿತ್ತು, ಮತ್ತು ಅದನ್ನು ಒಪ್ಪಿಕೊಂಡು 2023ರಲ್ಲಿ 10 ಕೋಟಿ ಪೌಂಡ್‌ಗಳ ಪರಿಹಾರದ ಯೋಜನೆಯನ್ನು ಚರ್ಚು ಪ್ರಕಟಿಸಬೇಕಾಯಿತು. ಆದರೆ ಚರ್ಚಿನ ನಿರ್ವಹಣೆಗೆಂದು ಊರಿನ ಎಲ್ಲರಿಂದ ಬಲವಂತವಾಗಿ ಎತ್ತುತ್ತಿದ್ದ ಕರ 1868ರಲ್ಲಿಯೇ ನಿಂತಿತು. ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ತೆರಬೇಕಿದ್ದ ದಶಮಾಂಶವೂ 1936ರ ಕಾಯಿದೆಯೊಂದಿಗೆ ಇತಿಹಾಸಕ್ಕೆ ಸೇರಿತು. ಜರ್ಮನಿಯಲ್ಲಿಯೂ ಡೆನ್ಮಾರ್ಕಿನಲ್ಲಿಯೂ ಸದಸ್ಯರ ಸಂಬಳದಿಂದ ಚರ್ಚಿನ ತೆರಿಗೆ ಕಡಿತವಾಗುತ್ತದೆ; ಅಧಿಕೃತ ಚರ್ಚಿರುವ ಇಂಗ್ಲೆಂಡಿನಲ್ಲಿ ಅದಿಲ್ಲ.

ಪ್ಯಾರಿಷ್‌ನ ಮಾತಿಗೆ ಬರೋಣ, ಏಕೆಂದರೆ ವಾದದ ತಿರುಳಿರುವುದು ಅಲ್ಲಿ. ಇಂಗ್ಲೆಂಡಿನಲ್ಲಿ ಸುಮಾರು 12,500 ಪ್ಯಾರಿಷ್‌ಗಳಿವೆ, ಹತ್ತಿರ ಹತ್ತಿರ 16,000 ಚರ್ಚ್ ಕಟ್ಟಡಗಳಿವೆ. ಪ್ಯಾರಿಷ್‌ನಲ್ಲಿ ವಾಸವಾಗಿರುವವನು ಒಂದು ದಿನವೂ ಚರ್ಚಿನ ಮೆಟ್ಟಿಲು ಹತ್ತದಿದ್ದರೂ ಅಲ್ಲಿ ಮದುವೆಯಾಗುವ ಹಕ್ಕನ್ನು ಪಡೆದಿರುತ್ತಾನೆ. ವಿಚ್ಛೇದಿತರ ವಿಷಯದಲ್ಲಿ ಮಾತ್ರ ಸಭಾಪಾಲಕರ ಮನಸ್ಸಿಗೆ ಬಿಟ್ಟದ್ದು. ಅವನು ಸತ್ತರೆ, ಜಾಗ ಮಿಕ್ಕಿದ್ದರೆ, ಆ ಚರ್ಚಿನ ಅಂಗಳದಲ್ಲಿ ಹೂಳಿಸಿಕೊಳ್ಳುವ ಹಕ್ಕು ಅವನಿಗಿದೆ. ಮಗುವಿಗೆ ದೀಕ್ಷಾಸ್ನಾನ ಮಾಡಿಸಿ ಎಂದು ತಂದೆತಾಯಿ ಬಂದರೆ ಸಭಾಪಾಲಕರು ತಯಾರಿಗೆಂದು ಸ್ವಲ್ಪ ಕಾಯಿಸಬಹುದು, ಇಲ್ಲವೆನ್ನುವಂತಿಲ್ಲ. ಬೇರೆ ಯಾವ ಧರ್ಮಸಂಸ್ಥೆಗೂ ಈ ಕಟ್ಟುಪಾಡಿಲ್ಲ. ಕೆಥೊಲಿಕ್ ಚರ್ಚಿಗೆ, ಸಿನಗಾಗಿಗೆ, ಮಸೀದಿಗೆ, ದೇವಸ್ಥಾನಕ್ಕೆ ತಮ್ಮವರು ಯಾರು ಎಂದು ತಾವೇ ತೀರ್ಮಾನಿಸುವ ಸ್ವಾತಂತ್ರ್ಯವಿದೆ, ಇರಲೂ ಬೇಕು. ಈ ಒಂದು ಚರ್ಚಿಗೆ ಮಾತ್ರ ಆ ಸ್ವಾತಂತ್ರ್ಯವನ್ನು ಕಾನೂನು ಮೊಟಕುಗೊಳಿಸಿದೆ.

ಇದರ ಬೆಲೆ ಕಾಣುವುದು ಸಂಭ್ರಮದ ದಿನಗಳಲ್ಲಲ್ಲ. ಮಕ್ಕಳಿಲ್ಲದೆ, ನಂಟರಿಷ್ಟರಿಲ್ಲದೆ ಒಂಟಿಯಾಗಿ ಸತ್ತ ಮುದುಕನೊಬ್ಬನ ಶವಸಂಸ್ಕಾರವನ್ನು ನೆನೆಯಿರಿ. ಶವಪೆಟ್ಟಿಗೆಯ ಮುಂದೆ ಸಂಸ್ಕಾರ ನಡೆಸುವವನೊಬ್ಬ, ಪೆಟ್ಟಿಗೆ ಹೊತ್ತವರು, ಬಿಟ್ಟರೆ ಬೆಂಚುಗಳು ಖಾಲಿ. ಈತ ನಮ್ಮ ಸದಸ್ಯನಾಗಿದ್ದನೇ ಎಂಬ ಪ್ರಶ್ನೆಗೆ ಅಲ್ಲಿ ಅವಕಾಶವೇ ಇಲ್ಲ, ಏಕೆಂದರೆ ಆತ ಆ ನೆಲದಲ್ಲಿ ಬದುಕಿದ್ದ ಎಂಬುದೇ ಉತ್ತರ. ಅಧಿಕೃತ ಸ್ಥಾನವನ್ನು ಕಿತ್ತುಹಾಕಿದರೂ ಒಳ್ಳೆಯ ಸಭಾಪಾಲಕ ಇದನ್ನು ಮಾಡುತ್ತಾನೆ, ಅನುಮಾನವಿಲ್ಲ. ಆದರೆ ದಯೆಯಿಂದ ಮಾಡುವುದಕ್ಕೂ ಕರ್ತವ್ಯವೆಂದು ಮಾಡುವುದಕ್ಕೂ ವ್ಯತ್ಯಾಸವಿದೆ. ದಯೆಯ ಬಾಗಿಲಲ್ಲಿ ಬೇಡಿ ನಿಲ್ಲಬೇಕು; ಹಕ್ಕಿನ ಬಾಗಿಲನ್ನು ತಟ್ಟಿದರೆ ಸಾಕು.

ಇನ್ನು ಸಂಸತ್ತಿನ ಹಿಡಿತ. ರಾಜಕಾರಣಿಗಳು ದೇವರ ಕೆಲಸದಲ್ಲಿ ಕೈಯಾಡಿಸುವುದೆಂದರೆ ಭಕ್ತರಿಗೆ ಮೈ ಉರಿಯುತ್ತದೆ. 1927ರ ಡಿಸೆಂಬರಿನಲ್ಲಿ ಚರ್ಚು ತನ್ನ ಪ್ರಾರ್ಥನಾ ಪುಸ್ತಕವನ್ನು ಪರಿಷ್ಕರಿಸಿ ಸಂಸತ್ತಿನ ಮುಂದಿಟ್ಟಾಗ ಕೆಳಮನೆಯಾದ ಕಾಮನ್ಸ್ ಸಭೆ 238–205 ಮತಗಳಿಂದ ಅದನ್ನು ತಳ್ಳಿಹಾಕಿತು. ತಿದ್ದಿ ತಂದ ಮರುವರ್ಷವೂ 266–220ರಿಂದ ಮತ್ತೆ ತಳ್ಳಿತು. ಮತ ಹಾಕಿದವರಲ್ಲಿ ಆ ಚರ್ಚಿಗೇ ಸೇರದವರೂ ಬೇಕಾದಷ್ಟು ಮಂದಿ ಇದ್ದರು. ಚರ್ಚಿನ ಅತಿ ಹಿರಿಯ ಬಿಷಪ್ಪರಾದ ಅಂದಿನ ಆರ್ಚ್‌ಬಿಷಪ್ ರ‍್ಯಾಂಡಲ್ ಡೇವಿಡ್ಸನ್ ಅದೇ ವರ್ಷ ಹುದ್ದೆ ಬಿಟ್ಟರು. ತಾನು ಯಾವ ಮಾತಿನಲ್ಲಿ ಪ್ರಾರ್ಥಿಸಬೇಕು ಎಂಬುದನ್ನೂ ತಾನೇ ನಿರ್ಧರಿಸಲಾಗದ ಚರ್ಚು ಎಂತಹ ಚರ್ಚು ಎಂದು ಆಗ ಎದ್ದ ಪ್ರಶ್ನೆ ನ್ಯಾಯವಾದದ್ದೇ. 1974ರ ಕಾನೂನು ಆರಾಧನೆಯ ವಿಷಯಗಳನ್ನು ಬಹುಮಟ್ಟಿಗೆ ಸಿನೊಡ್‌ಗೆ ಬಿಟ್ಟುಕೊಟ್ಟು ಆ ಗಾಯವನ್ನು ವಾಸಿಮಾಡಿತು.

ಆದರೆ ಅದೇ ಹಿಡಿತದ ಇನ್ನೊಂದು ಮುಖವನ್ನೂ ನೋಡಬೇಕು. ಮಹಿಳೆಯರು ಬಿಷಪ್ ಆಗಬಹುದೆಂಬ ಪ್ರಸ್ತಾಪಕ್ಕೆ 2012ರ ನವೆಂಬರಿನಲ್ಲಿ ಸಿನೊಡ್‌ನ ಮೂರು ಸದನಗಳಲ್ಲಿ ಎರಡು ಒಪ್ಪಿದವು. ಸಾಮಾನ್ಯ ಭಕ್ತರ ಸದನದಲ್ಲಿ ಮೂರನೆಯ ಎರಡರಷ್ಟು ಬಹುಮತಕ್ಕೆ ಆರು ಮತ ಕಡಿಮೆಬಿದ್ದು ಪ್ರಸ್ತಾಪ ಸೋತಿತು. ಬೇರೊಂದು ಸಂಸ್ಥೆಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಮುಗಿಯಲಿಲ್ಲ. ಮರುದಿನವೇ ಪ್ರಧಾನಿ ಡೇವಿಡ್ ಕ್ಯಾಮರನ್ ಸದನದಲ್ಲಿ ನಿಂತು ಚರ್ಚು ಕಾಲಕ್ಕೆ ತಕ್ಕಂತೆ ನಡೆಯಬೇಕೆಂದು ಚುಚ್ಚಿದರು. ಪಕ್ಷಭೇದವಿಲ್ಲದೆ ಸದಸ್ಯರು ಸಿಟ್ಟಾದರು. ಇದು ದೇಶದ ಚರ್ಚು, ದೇಶದ ಅರ್ಧದಷ್ಟು ಜನರನ್ನು ಹೊರಗಿಡುವ ಹಕ್ಕು ಇದಕ್ಕಿಲ್ಲ ಎಂಬ ಮಾತಿಗೆ ಅಲ್ಲಿ ಕಾನೂನಿನ ಆಧಾರವಿತ್ತು. 2014ರ ಜುಲೈನಲ್ಲಿ ಪ್ರಸ್ತಾಪ ಗೆದ್ದಿತು, 2015ರ ಜನವರಿಯಲ್ಲಿ ಲಿಬ್ಬಿ ಲೇನ್ ಮೊದಲ ಮಹಿಳಾ ಬಿಷಪ್ ಆದರು, 2025ರ ಅಕ್ಟೋಬರಿನಲ್ಲಿ ಸಾರಾ ಮಲಾಲಿ ಅವರ ಹೆಸರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹುದ್ದೆಗೆ ಪ್ರಕಟವಾಯಿತು. ಈ ಹೆಜ್ಜೆಗಳೆಲ್ಲ ಸಂಸತ್ತಿನ ಒತ್ತಡದ ಫಲವೆಂದರೆ ಚರ್ಚಿನೊಳಗೆ ದಶಕಗಟ್ಟಲೆ ಹೋರಾಡಿದ ಮಹಿಳೆಯರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆದರೂ ಹೊರಗಿನವರು ಪ್ರಶ್ನೆ ಕೇಳಬಹುದಾಗಿತ್ತು, ಒಳಗಿನವರು ಉತ್ತರಿಸಲೇಬೇಕಾಗಿತ್ತು. ಸಲಿಂಗ ವಿವಾಹದ ವಿಷಯದಲ್ಲಿ ಇದೇ ಹಿಡಿತ ತಿರುಗುಮುರುಗಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. 2013ರ ವಿವಾಹ ಕಾಯಿದೆಯಲ್ಲಿ ಸಂಸತ್ತೇ ಈ ಚರ್ಚಿಗೆ ವಿಶೇಷ ವಿನಾಯಿತಿ ಬರೆದುಕೊಟ್ಟಿತು, ಹತ್ತು ವರ್ಷಗಳ ಬಳಿಕ 2023ರ ಡಿಸೆಂಬರಿನಲ್ಲಿ ಸಿಕ್ಕಿದ್ದು ಮದುವೆಯಲ್ಲ, ಆಶೀರ್ವಾದದ ಪ್ರಾರ್ಥನೆ ಮಾತ್ರ.

ಟೀಕಾಕಾರರ ಕೈಯಲ್ಲಿರುವ ಅತಿ ಭಾರವಾದ ಅಸ್ತ್ರ 2024ರ ನವೆಂಬರಿನದು. ಕ್ರೈಸ್ತ ಶಿಬಿರಗಳ ಸಂಪರ್ಕ ಬಳಸಿಕೊಂಡು ನೂರಕ್ಕೂ ಹೆಚ್ಚು ಹುಡುಗರನ್ನೂ ಯುವಕರನ್ನೂ ಇಂಗ್ಲೆಂಡಿನಲ್ಲಿ, ಆಮೇಲೆ ಆಫ್ರಿಕಾದಲ್ಲಿ ಕ್ರೂರವಾಗಿ ಹಿಂಸಿಸಿದ ಜಾನ್ ಸ್ಮಿತ್ ಎಂಬ ವಕೀಲನ ಪ್ರಕರಣವನ್ನು ಚರ್ಚಿನ ಹಿರಿಯರು ಹೇಗೆ ಮುಚ್ಚಿಹಾಕಿದರು ಎಂಬುದನ್ನು ಮೇಕಿನ್ ವರದಿ ಬಯಲಿಗೆ ತಂದಿತು. ಪೊಲೀಸರಿಗೆ ಸರಿಯಾಗಿ ದೂರು ಹೋಗುವಂತೆ ನೋಡಿಕೊಳ್ಳಲಿಲ್ಲವೆಂಬ ಹೊಣೆ ಹೊತ್ತು ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ನವೆಂಬರ್ 12ರಂದು ರಾಜೀನಾಮೆ ಪ್ರಕಟಿಸಿದರು. ಮಕ್ಕಳ ರಕ್ಷಣೆಯ ವ್ಯವಸ್ಥೆಯನ್ನು ಪೂರ್ತಿಯಾಗಿ ಸ್ವತಂತ್ರ ಸಂಸ್ಥೆಯೊಂದಕ್ಕೆ ವಹಿಸಬೇಕೆಂಬ ಸಂತ್ರಸ್ತರ ಬೇಡಿಕೆಯನ್ನು 2025ರ ಫೆಬ್ರುವರಿಯಲ್ಲಿ ಸಿನೊಡ್ ಅರ್ಧಕ್ಕೆ ಮಾತ್ರ ಒಪ್ಪಿತು. ಇಂಥ ಸಂಸ್ಥೆಗೆ ರಾಜ್ಯದ ಗೌರವ ಏಕೆ ಎಂದು ಕೇಳಿದರೆ ಮಾತು ಕಟ್ಟಿಹೋಗುತ್ತದೆ. ಅಧಿಕೃತ ಸ್ಥಾನ ಆ ಹುಡುಗರನ್ನು ಕಾಪಾಡಲಿಲ್ಲ. ದೊಡ್ಡವರಿಗೆ ದೊಡ್ಡವರು ಆಸರೆಯಾಗುವ ವಾತಾವರಣಕ್ಕೆ ಅದು ನೆರಳು ನೀಡಿದ್ದರೂ ಆಶ್ಚರ್ಯವಿಲ್ಲ. ನನ್ನ ಪ್ರಶ್ನೆ ಬೇರೆ: ಚರ್ಚನ್ನು ರಾಜ್ಯದಿಂದ ಬೇರ್ಪಡಿಸಿದರೆ ಆ ಮುಂದಿನ ಸಂತ್ರಸ್ತ ಯಾರ ಬಾಗಿಲಿಗೆ ಹೋಗಬೇಕು? ಪೊಲೀಸ್ ಠಾಣೆ ಇದ್ದೇ ಇದೆ. ಆದರೆ ಚರ್ಚಿನ ಒಳಗಿನ ಶಿಸ್ತಿನ ಕಾನೂನು ಹೇಗಿರಬೇಕು ಎಂದು ಇವತ್ತು ಸಂಸದರು ಕೇಳಬಹುದು. 2025ರಲ್ಲಿ ಸಭಾಪಾಲಕರ ನಡತೆಯ ಬಗೆಗಿನ ಹೊಸ ಕಾನೂನು ಬಂದಾಗ, ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುವುದನ್ನು ಸಂಸತ್ತಿನ ಸಮಿತಿ ಒಪ್ಪದೆ ಸಿನೊಡ್ ಅದನ್ನು ಮತ್ತೆ ಕೈಗೆತ್ತಿಕೊಳ್ಳುವಂತಾಯಿತು. ಖಾಸಗಿ ಸಂಘವಾಗಿಬಿಟ್ಟ ಚರ್ಚಿಗೆ ಅಂಥ ತಡೆ ಇರುವುದಿಲ್ಲ.

ಅನ್ಯಧರ್ಮೀಯರ ವಿಷಯದಲ್ಲಿ ಚರ್ಚು ತನ್ನ ಪರವಾಗಿ ಹೆಚ್ಚಾಗಿ ಎತ್ತಿಹಿಡಿಯುವುದು ಎರಡನೆಯ ಎಲಿಜಬೆತ್ ರಾಣಿ 2012ರ ಫೆಬ್ರುವರಿಯಲ್ಲಿ ಲ್ಯಾಂಬೆತ್ ಅರಮನೆಯಲ್ಲಿ ಆಡಿದ ಮಾತನ್ನು. ಬೇರೆ ಧರ್ಮಗಳನ್ನು ಹೊರಗಿಟ್ಟು ತನ್ನದೇ ಆದ ಆಂಗ್ಲಿಕನ್ ಪಂಥವನ್ನು ಕಾಯುವುದು ಈ ಚರ್ಚಿನ ಕೆಲಸವಲ್ಲ, ಎಲ್ಲ ಧರ್ಮಗಳ ಮುಕ್ತ ಆಚರಣೆಯನ್ನು ರಕ್ಷಿಸುವುದು ಅದರ ಕರ್ತವ್ಯ ಎಂಬುದು ಅದರ ಸಾರ. ಮನೆಯ ಯಜಮಾನ ಅತಿಥಿಗಳಿಗೆ ಹೇಳುವ ಧಾಟಿ ಅದರಲ್ಲಿದೆ ಎಂದು ಕೆಲವರು ಹೇಳಿದರೆ ನಾನು ತಕರಾರು ತೆಗೆಯಲಾರೆ. ಆದರೂ 2023ರ ಮೇ 6ರ ಪಟ್ಟಾಭಿಷೇಕವನ್ನು ಟಿವಿಯಲ್ಲಿ ನೋಡಿದ ಕನ್ನಡಿಗರಿಗೆ ಒಂದು ದೃಶ್ಯ ನೆನಪಿರಬೇಕು. ನಮ್ಮ ನಾರಾಯಣಮೂರ್ತಿಯವರ ಅಳಿಯ, ಭಗವದ್ಗೀತೆಯ ಮೇಲೆ ಕೈಯಿಟ್ಟು ಸಂಸತ್ತಿನಲ್ಲಿ ಪ್ರಮಾಣ ಮಾಡಿದ ಪ್ರಧಾನಿ ರಿಷಿ ಸುನಕ್, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಿಂತು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಭಾಗವನ್ನು ಓದಿದರು. ಹಿಂದೂ, ಸಿಖ್, ಮುಸ್ಲಿಂ, ಯಹೂದಿ ಲಾರ್ಡ್‌ಗಳು ಒಬ್ಬೊಬ್ಬರಾಗಿ ರಾಜನಿಗೆ ರಾಜಲಾಂಛನಗಳನ್ನು ತಂದುಕೊಟ್ಟರು. ಇದರ ಹಿಂದೆ ಒಂದು ವಿಚಿತ್ರವಿದೆ: ಬಿಷಪ್ಪರ ನೇಮಕದಲ್ಲಿ ರಾಜನಿಗೆ ಸಲಹೆ ಕೊಡುವವರು ಪ್ರಧಾನಿ, ಆದರೆ 1829 ಮತ್ತು 1858ರ ಕಾಯಿದೆಗಳ ಪ್ರಕಾರ ಕೆಥೊಲಿಕನಾಗಲಿ ಯಹೂದಿಯಾಗಲಿ ಚರ್ಚಿನ ನೇಮಕಗಳ ಬಗ್ಗೆ ರಾಜನಿಗೆ ಸಲಹೆ ಕೊಡುವಂತಿಲ್ಲ, ಹಿಂದೂವಿನ ಬಗ್ಗೆ ಕಾನೂನು ಬಾಯಿಬಿಟ್ಟಿಲ್ಲ. ಅಂಥದೊಂದು ದಿನ ಬರುತ್ತದೆಂದು ಯಾರೂ ಎಣಿಸಿರಲಿಲ್ಲ! ಈ ಹಳೆಯ ಕಸವನ್ನು ಗುಡಿಸಬೇಕು, ಅದಕ್ಕಾಗಿ ಮನೆಯನ್ನೇ ಕೆಡವಬೇಕಿಲ್ಲ.

ಅಧಿಕೃತ ಚರ್ಚು ಎಲ್ಲಿಯಾದರೂ ಸರಿಯೇ ಎಂದು ನಾನು ಹೇಳುತ್ತಿಲ್ಲ. ಐರ್ಲೆಂಡಿನಲ್ಲಿ ಆಂಗ್ಲಿಕನರು ಎಂಟು ಜನರಲ್ಲಿ ಒಬ್ಬರಷ್ಟೇ ಇದ್ದರು. ಉಳಿದವರಲ್ಲಿ ಬಹುಪಾಲು ಕೆಥೊಲಿಕರು. ತಾನು ಹೋಗದ, ತನ್ನದಲ್ಲದ ಚರ್ಚಿಗೆ ರೈತ ದಶಮಾಂಶ ತೆರಬೇಕಾಗಿತ್ತು. 1869ರಲ್ಲಿ ಅಲ್ಲಿನ ಆ ಅಧಿಕೃತ ಚರ್ಚನ್ನು ರಾಜ್ಯದಿಂದ ಬೇರ್ಪಡಿಸಿದ ಪ್ರಧಾನಿ ಗ್ಲ್ಯಾಡ್‌ಸ್ಟನ್, ಯೌವನದಲ್ಲಿ ಅಧಿಕೃತ ಚರ್ಚಿನ ಪರವಾಗಿ ಪುಸ್ತಕವನ್ನೇ ಬರೆದಿದ್ದವರು ಎಂಬುದು ಗಮನಾರ್ಹ. ವೇಲ್ಸ್‌ನಲ್ಲಿ ಜನ ಬೇರೆ ಪ್ರಾಟೆಸ್ಟಂಟ್ ಪಂಥಗಳತ್ತ ಸರಿದಿದ್ದರು. 1914ರ ಕಾಯಿದೆ 1920ರಲ್ಲಿ ಅಲ್ಲಿಯೂ ಜಾರಿಗೆ ಬಂತು. ನಮ್ಮಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. 1814ರಲ್ಲಿ ಕಲ್ಕತ್ತೆಗೆ ಮೊದಲ ಬಿಷಪ್ ಬಂದಂದಿನಿಂದ ಬ್ರಿಟಿಷ್ ಸೈನಿಕರ, ಅಧಿಕಾರಿಗಳ ಪಾದ್ರಿಗಳಿಗೆ ಭಾರತದ ಬೊಕ್ಕಸದಿಂದ ಸಂಬಳ ಹೋಗುತ್ತಿತ್ತು. 1935ರ ಭಾರತ ಸರ್ಕಾರದ ಕಾಯಿದೆಯಲ್ಲಿಯೂ ಈ ಖರ್ಚಿಗೆಂದು ವರ್ಷಕ್ಕೆ 42 ಲಕ್ಷ ರೂಪಾಯಿಗಳ ಮಿತಿ ಹಾಕಿ, ಜನಪ್ರತಿನಿಧಿಗಳ ಕೈಗೆ ಸಿಗದಂತೆ ಗವರ್ನರ್ ಜನರಲ್ ಅಧಿಕಾರದಲ್ಲಿಡಲಾಗಿತ್ತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ, 1808ರಲ್ಲಿ ದಂಡಿನವರಿಗಾಗಿ ಎದ್ದ ಸೇಂಟ್ ಮಾರ್ಕ್ಸ್ ಚರ್ಚು ಆ ಕಾಲದ್ದೇ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅದು ಯಾವ ರಾಜನ ಹಂಗೂ ಇಲ್ಲದ ಚರ್ಚಾಯಿತು, ಆದದ್ದು ಒಳ್ಳೆಯದೇ.

ಹಾಗಾದರೆ ನೂರರಲ್ಲಿ ಒಬ್ಬರು ಮಾತ್ರ ಬರುವ ಇಂದಿನ ಇಂಗ್ಲೆಂಡಿಗೂ ಅದೇ ನ್ಯಾಯ ಅನ್ವಯಿಸುವುದಿಲ್ಲವೇ? ಇದು ಅತ್ಯಂತ ಕಠಿಣವಾದ ಆಕ್ಷೇಪಣೆ. ಐರಿಷ್ ರೈತನಿಗೆ ತನ್ನದೇ ಚರ್ಚಿತ್ತು, ಇನ್ನೊಬ್ಬರ ಚರ್ಚಿಗೆ ಅವನಿಂದ ಹಣ ಕಿತ್ತುಕೊಳ್ಳಲಾಗುತ್ತಿತ್ತು. ಇಂದಿನ ಇಂಗ್ಲಿಷ್ ಪ್ರಜೆಯಿಂದ ಹಾಗೆ ಯಾವ ಕರವನ್ನೂ ಕೀಳುತ್ತಿಲ್ಲ. ಅವನು ಬೇರೆ ಚರ್ಚಿಗೆ ಹೋದವನೂ ಅಲ್ಲ. ಬಹುಪಾಲು ಎಲ್ಲಿಗೂ ಹೋಗದವನು, ಕ್ರಿಸ್ಮಸ್ ರಾತ್ರಿಗೋ ಅಜ್ಜಿಯ ಶವಸಂಸ್ಕಾರಕ್ಕೋ ಬಂದುಹೋಗುವವನು. ಬೇರ್ಪಡಿಸುವುದರಿಂದ ಅವನಿಗೆ ಸಿಗುವುದೇನು ಎಂಬುದಕ್ಕೆ ನನಗೆ ತೃಪ್ತಿಕರ ಉತ್ತರ ಇನ್ನೂ ಸಿಕ್ಕಿಲ್ಲ, ಕಳೆದುಕೊಳ್ಳುವುದೇನೆಂದು ಪಟ್ಟಿ ಮಾಡಬಲ್ಲೆ. ರಾಜ್ಯದ ಬಂಧನ ಕಳಚಿದರೆ ಚರ್ಚು ಚಿಗುರುತ್ತದೆ ಎಂಬ ಭರವಸೆಗೂ ಆಧಾರ ಕಡಿಮೆ. ಸ್ವೀಡನ್ 2000ದಲ್ಲಿ ಬೇರ್ಪಡಿಸಿತು. ಆಗ ಜನಸಂಖ್ಯೆಯ ಶೇ 80ಕ್ಕೂ ಹೆಚ್ಚು ಮಂದಿ ಸದಸ್ಯರಿದ್ದ ಚರ್ಚಿನಲ್ಲಿ ಈಗ ಉಳಿದಿರುವವರು ಜನಸಂಖ್ಯೆಯ ಸುಮಾರು ಅರ್ಧದಷ್ಟು. ಬೇರ್ಪಡಿಸದಿದ್ದರೂ ಇಳಿಯುತ್ತಿತ್ತೇನೋ, ಏರಲಂತೂ ಇಲ್ಲ.

ಲಾರ್ಡ್ಸ್ ಸಭೆಯ 26 ಸ್ಥಾನಗಳನ್ನು ಮಾತ್ರ ನಾನು ಸಮರ್ಥಿಸಲಾರೆ. ಕ್ಯಾಂಟರ್ಬರಿ, ಯಾರ್ಕ್, ಲಂಡನ್, ಡರಮ್, ವಿಂಚೆಸ್ಟರ್‌ಗಳಿಗೆ ಕಾಯಂ ಸ್ಥಾನ, ಮಿಕ್ಕ 21 ಮುಖ್ಯವಾಗಿ ಹಿರಿತನದ ಮೇಲೆ. ಅವರಲ್ಲಿ ಒಳ್ಳೆಯ ಮಾತಾಡುವವರಿದ್ದಾರೆ. ಆಶ್ರಯ ಕೋರಿ ಬಂದವರನ್ನು ರುವಾಂಡಾಗೆ ಕಳಿಸುವ ಯೋಜನೆಯನ್ನು 2022ರಲ್ಲಿ ಅವರೆಲ್ಲ ಒಂದೇ ಪತ್ರಕ್ಕೆ ಸಹಿ ಹಾಕಿ ವಿರೋಧಿಸಿದ್ದು ದಿಟ್ಟತನವೇ. ಆದರೆ ಒಳ್ಳೆಯ ಮಾತು ಶಾಸನಸಭೆಯಲ್ಲಿ ಕೂರಲು ಅರ್ಹತೆಯಲ್ಲ. ವಂಶಪಾರಂಪರ್ಯದ ಲಾರ್ಡ್‌ಗಳನ್ನು ಕಳಿಸುವ ಮಸೂದೆ 2024ರಲ್ಲಿ ಬಂದಾಗ ಬಿಷಪ್ಪರನ್ನೂ ಕಳಿಸಬೇಕೆಂಬ ತಿದ್ದುಪಡಿ ಕಾಮನ್ಸ್‌ನಲ್ಲಿ ಬಿದ್ದುಹೋಯಿತು. ಚರ್ಚು ತಾನಾಗಿಯೇ ಎದ್ದು ಬಂದರೆ ಅದರ ಉಳಿದ ವಾದಕ್ಕೆ ಬಲ ಬರುತ್ತದೆ. ಹೊಣೆಯನ್ನು ಹೊತ್ತಿದ್ದೇವೆ, ಸವಲತ್ತು ಬೇಡ ಎಂದು ಆಗ ಧೈರ್ಯವಾಗಿ ಹೇಳಬಹುದು.

ಆದರೆ ಆ ಹೊಣೆಯೇ ಇಂದು ಸಡಿಲವಾಗುತ್ತಿದೆ, ಅದೂ ಟೀಕಾಕಾರರ ಕೈಯಿಂದಲ್ಲ. ಹಳ್ಳಿಗಾಡಿನ ಚರ್ಚುಗಳ ಬಾಗಿಲ ಬಳಿ ಗಾಜಿನ ಹಲಗೆಯೊಂದು ಇರುತ್ತದೆ. ಒಬ್ಬ ಸಭಾಪಾಲಕರ ಹೆಸರಿನ ಕೆಳಗೆ ಆರೋ ಏಳೋ ಚರ್ಚುಗಳ ಪಟ್ಟಿ ಇದ್ದರೆ ಅದು ಅಪರೂಪವೇನಲ್ಲ: ಮೊದಲ ಭಾನುವಾರ ಈ ಊರಿನಲ್ಲಿ, ಎರಡನೆಯ ಭಾನುವಾರ ಆಚೆಯ ಊರಿನಲ್ಲಿ, ಉಳಿದ ದಿನ ಬೇಕಾದವರು ಈ ನಂಬರಿಗೆ ಫೋನ್ ಮಾಡಬೇಕು. ಛಾವಣಿಯ ಸೀಸ ಕಳುವಾಗಿರುತ್ತದೆ. ಹಳೆಯ ಕಟ್ಟಡಗಳ ರಿಪೇರಿಗೆ ಸರ್ಕಾರ ತೆರಿಗೆ ವಾಪಸು ಕೊಡುತ್ತಿದ್ದ ಯೋಜನೆಗೆ 2025ರ ಏಪ್ರಿಲ್‌ನಿಂದ ಒಂದು ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡ್ ಎಂಬ ಮಿತಿ ಬಿತ್ತು. ಡಯಾಸಿಸ್ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಕಚೇರಿಗಳು ಪ್ಯಾರಿಷ್‌ಗಳನ್ನು ಒಂದಕ್ಕೊಂದು ಸೇರಿಸಿ, ಜನ ಕೂಡುವ ಪಟ್ಟಣದ ದೊಡ್ಡ ಚರ್ಚುಗಳಿಗೆ ಹಣ ಸುರಿಯುತ್ತಿವೆ ಎಂದು ಸಿಟ್ಟಾದವರು 2021ರಲ್ಲಿ ಪ್ಯಾರಿಷ್ ಉಳಿಸಿ ಎಂಬ ಚಳವಳಿಯನ್ನೇ ಹೂಡಿದರು. ಕಚೇರಿಯ ಲೆಕ್ಕದಲ್ಲಿ ಆ ಹಂಚಿಕೆ ಸರಿಯಿರಬಹುದು, ಏಕೆಂದರೆ ಬರುವವರಿಗೆ ತಾನೇ ಖರ್ಚು ಮಾಡಬೇಕು. ಬಾರದವರ ಪಾಲಿಗೂ ಒಬ್ಬ ಸಭಾಪಾಲಕ ಇರುತ್ತಾನೆ ಎಂಬುದರ ಮೇಲೆ ನಿಂತ ನನ್ನ ವಾದ ಆ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಗಾಜಿನ ಹಲಗೆಯಲ್ಲಿನ ಫೋನನ್ನು ಎತ್ತುವವರಿಲ್ಲದ ದಿನ ಬಂದರೆ, ಬೇರ್ಪಡಿಸಿ ಎನ್ನುವವರಿಗೆ ನಾನು ಕೊಡಬಹುದಾದ ಉತ್ತರವೂ ಇರುವುದಿಲ್ಲ.